ತಪ್ಪು ಮಾಡದವನಿಗೆ ಅಂಜಿಕೆ ಯಾಕೆ ಎನ್ನುವವರಿಗೆ

ಕಳೆದ ಜುಮಾ ಮುಗಿಸಿ ತಿಕೋಟಾದ ಮಸೀದಿಯ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ಒಂದು ಚರ್ಚೆ ನಮ್ಮ ಕಿವಿಗೆ ಬಿತ್ತು. ಹುಡುಗನೊಬ್ಬನ ಮೊಬೈಲಿನಲ್ಲಿ ಟಿವಿ ಸುದ್ದಿಯ ತುಣುಕು ಓಡುತ್ತಿತ್ತು. ಯಾವುದೋ ಕೊಲೆ ಕೇಸಿನ ಆರೋಪಿಗೆ ‘ಬ್ರೈನ್ ಮ್ಯಾಪಿಂಗ್’ ಮಾಡಿಸಿ, ‘ನಾರ್ಕೋ’ ಮಾಡಿಸಿ ಅಂತ ನಿರೂಪಕ ಕೂಗುತ್ತಿದ್ದ. ಒಣದ್ರಾಕ್ಷಿ ವ್ಯಾಪಾರದ ಹಿರಿಯರೊಬ್ಬರು ನಮ್ಮ ಕಡೆ ತಿರುಗಿ, “ಮಾಡಲಿ ಬಿಡ್ರಿ ಮೌಲ್ವಿಸಾಬ್ರ, ತಪ್ಪು ಮಾಡಿಲ್ಲಂದ್ರ ಅಂಜಿಕಿ ಯಾಕ? ಮಷೀನ್ ಹಚ್ಚಿದ್ರ ಖರೆ ಯಾವುದು, ಸುಳ್ಳು ಯಾವುದು ತಾನ ಹೊರಗ ಬರ್ತದ” ಅಂದರು. ಸುತ್ತ ನಿಂತವರೆಲ್ಲ ಹೌದೌದು ಅಂದರು. ವ್ಯಾಪಾರಕ್ಕೆ ಅಂತ ಕರಾವಳಿಯಿಂದ ಈ ಕಡೆ ಬಂದು ನೆಲೆಸಿರುವ ನಮ್ಮ ಬ್ಯಾರಿ ಹುಡುಗರೂ ತಲೆಯಾಡಿಸಿದರು.

ಆ ಹಿರಿಯರ ಮೇಲೆ ನಮಗೇನೂ ಸಿಟ್ಟಿಲ್ಲ. ಅವರು ಹೇಳಿದ್ದು ಎಲ್ಲರೂ ಹೇಳುವ ಮಾತೇ. ಆದರೆ ಅದನ್ನು ನಮ್ಮ ಮನೆಯವರು ಹೇಳುವಾಗ ಸ್ವಲ್ಪ ಹಿಂದಿನದನ್ನು ನೆನಪಿಸಿಕೊಳ್ಳಬೇಕು. ಈ ಪರೀಕ್ಷೆಗಳ ಕಥೆ ದೂರದ ಅಮೆರಿಕದ್ದಲ್ಲ, ಹೆಚ್ಚಿನ ಭಾಗ ನಮ್ಮ ಕರ್ನಾಟಕದ್ದೇ. ಅದರಿಂದ ನೊಂದವರಲ್ಲಿ ನಮ್ಮವರ ಪಾಲು ಸಣ್ಣದೂ ಅಲ್ಲ.

ಮೊದಲು ಯಂತ್ರದ ವಿಷಯ. ಜನ ಮೂರನ್ನೂ ಒಂದೇ ಅಂದುಕೊಂಡಿದ್ದಾರೆ, ಆದರೆ ಮೂರೂ ಬೇರೆ ಬೇರೆ. ಪಾಲಿಗ್ರಾಫ್ ಅಂದರೆ ಎದೆಬಡಿತ, ರಕ್ತದೊತ್ತಡ, ಉಸಿರು, ಬೆವರು ಇವನ್ನು ಅಳೆಯುವುದು. ನಾರ್ಕೋ ಅಂದರೆ ನರಕ್ಕೆ ಮದ್ದು ಚುಚ್ಚಿ ಅರೆಮಂಪರಿನಲ್ಲಿ ಮಾತಾಡಿಸುವುದು. ಮೂರನೆಯದು ಮೆದುಳಿನ ಪರೀಕ್ಷೆ. ತಲೆಗೆ ತಂತಿ ಜೋಡಿಸಿದ ಟೋಪಿ ಹಾಕಿ, ಮೆದುಳಿನಲ್ಲಿ ಏಳುವ ಸಣ್ಣ ವಿದ್ಯುತ್ ಅಲೆಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಪರಿಚಯದ ವಸ್ತು ಕಂಡಾಗ ಸುಮಾರು 300 ಮಿಲಿಸೆಕೆಂಡಿನ ಹೊತ್ತಿಗೆ ಏಳುವ ಅಲೆಯೊಂದನ್ನು ಹಿಡಿದು ಲಾರೆನ್ಸ್ ಫಾರ್ವೆಲ್ ಎಂಬ ಅಮೆರಿಕದ ವಿಜ್ಞಾನಿ ‘ಬ್ರೈನ್ ಫಿಂಗರ್‌ಪ್ರಿಂಟಿಂಗ್’ ಅಂತ ಒಂದು ವಿಧಾನ ಮಾಡಿದರು. ಅದಕ್ಕೂ ಮುಂದೆ ಹೋಗಿದ್ದೇವೆ ಎಂದು ಹೇಳಿಕೊಂಡ ‘ಬಿಯಾಸ್’ ಎಂಬ ವಿಧಾನ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ್ದ ಚಂಪಡಿ ರಾಮನ್ ಮುಕುಂದನ್ ಅದನ್ನು ರೂಪಿಸಿದವರು.

ಬಿಯಾಸ್ ಪರೀಕ್ಷೆಯಲ್ಲಿ ಆರೋಪಿ ಬಾಯಿ ಬಿಡಬೇಕಾಗಿಯೇ ಇಲ್ಲ. ಕಣ್ಣು ಮುಚ್ಚಿ ಕೂತರೆ ಸಾಕು. ‘ನಾನು ವಿಷ ಕೊಂಡೆ’, ‘ನಾನು ಅವನನ್ನು ಕರೆದೆ’ ಎಂಬಂಥ ವಾಕ್ಯಗಳನ್ನು ಒಂದೊಂದಾಗಿ ಅವನ ಕಿವಿಗೆ ಕೇಳಿಸುತ್ತಾರೆ. ಆ ಕೆಲಸವನ್ನು ಅವನು ಸ್ವತಃ ಮಾಡಿದ್ದರೆ ಒಂದು ಬಗೆಯ ಅಲೆ, ಬರೇ ಕೇಳಿ ತಿಳಿದಿದ್ದರೆ ಇನ್ನೊಂದು ಬಗೆ ಅಂತ ಯಂತ್ರ ವಿಂಗಡಿಸುತ್ತದಂತೆ. ಸ್ವಲ್ಪ ಯೋಚಿಸಿ ನೋಡಿ. ಸುಮ್ಮನೆ ಇರುವ ಹಕ್ಕು ಅಂತ ಒಂದಿದೆಯಲ್ಲ, ಅದರ ಗತಿ ಇಲ್ಲಿ ಏನಾಯಿತು? ಬಾಯಿ ಸುಮ್ಮನಿದ್ದರೂ ತಲೆ ಸಾಕ್ಷಿ ಹೇಳುತ್ತದೆ ಎಂದಾಯಿತು. ನಮ್ಮ ಗೋಲ್ ಗುಂಬಜ್‌ನ ಗ್ಯಾಲರಿಯಲ್ಲಿ ಈ ತುದಿಗೆ ಪಿಸುಗುಟ್ಟಿದರೆ ಆ ತುದಿಗೆ ಕೇಳುತ್ತದೆ, ನಿಜ. ಆದರೆ ಅಲ್ಲಿಯೂ ಪಿಸುಗುಟ್ಟಲಿಕ್ಕಾದರೂ ಬೇಕು.

2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ಕೋರ್ಟು ಒಬ್ಬಳು ವಿದ್ಯಾರ್ಥಿನಿಗೆ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಸಾದದಲ್ಲಿ ಆರ್ಸೆನಿಕ್ ಬೆರೆಸಿ ಕೊಟ್ಟಳು ಎಂಬುದು ಆರೋಪ. ತೀರ್ಪಿನಲ್ಲಿ ಈ ಮೆದುಳಿನ ಪರೀಕ್ಷೆಯ ವರದಿಗೂ ದೊಡ್ಡ ತೂಕ ಸಿಕ್ಕಿತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಬರೆದವು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯ ವರದಿ ಹೊರಬಂತು. ಈ ವಿಧಾನಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ತನಿಖೆಗಾಗಲಿ ಕೋರ್ಟಿನ ಸಾಕ್ಷಿಗಾಗಲಿ ಇದನ್ನು ಬಳಸಬಾರದು ಅಂತ ಅದು ಹೇಳಿತು. ಒಂದು ಕಾಲದಲ್ಲಿ ಆ ವಿಜ್ಞಾನಿ ಇದ್ದ ಸಂಸ್ಥೆಯ ಮುಖ್ಯಸ್ಥರೇ ಹೀಗೆ ಹೇಳಿದರು. ಆ ಹೆಣ್ಣುಮಗಳಿಗೆ ಮುಂದೆ ಬಾಂಬೆ ಹೈಕೋರ್ಟು ಜಾಮೀನು ಕೊಟ್ಟಿತು. ಆದರೆ ‘ಯಂತ್ರವೇ ಹೇಳಿದೆ’ ಎಂಬ ಮಾತು ಅಷ್ಟರಲ್ಲಿ ದೇಶದ ತುಂಬ ಹಬ್ಬಿಯಾಗಿತ್ತು.

ಯಂತ್ರ ಏನನ್ನು ಹಿಡಿಯುತ್ತದೆ? ನೆನಪನ್ನೋ, ಪರಿಚಯವನ್ನೋ ಹಿಡಿಯಬಹುದು. ಸತ್ಯವನ್ನಲ್ಲ. ಹತ್ತು ದಿನ ಠಾಣೆಯಲ್ಲಿ ಕೂರಿಸಿ, ಫೋಟೋ ತೋರಿಸಿ, ‘ಇದೇ ಚೂರಿ, ಇದೇ ಮನೆ, ಇದೇ ಬೈಕ್’ ಅಂತ ನೂರು ಸಲ ಹೇಳಿದ ಮೇಲೆ ಯಾರ ತಲೆಯಲ್ಲಿ ಆ ಚೂರಿ ಪರಿಚಯವಾಗಿರುವುದಿಲ್ಲ? ಟಿವಿ ನೋಡಿದ ನಮ್ಮ ನಿಮ್ಮ ತಲೆಯಲ್ಲೂ ಅದು ಕೂತಿರುತ್ತದೆ. ಇನ್ನೊಂದು ಸಣ್ಣ ಲೆಕ್ಕ ಹೇಳುತ್ತೇವೆ. ಯಂತ್ರ ನೂರಕ್ಕೆ 95 ಸಲ ಸರಿ ಹೇಳುತ್ತದೆ ಅಂತಲೇ ಇಟ್ಟುಕೊಳ್ಳಿ. ಬಡಾವಣೆಯ 100 ಯುವಕರನ್ನು ಪರೀಕ್ಷಿಸಿದಿರಿ, ಅವರಲ್ಲಿ ನಿಜವಾದ ಅಪರಾಧಿ ಒಬ್ಬ. ಯಂತ್ರ ಆ ಒಬ್ಬನನ್ನು ಹಿಡಿದರೂ ಅವನ ಜೊತೆಗೆ ಸುಮಾರು ಐದು ಜನ ನಿರಪರಾಧಿಗಳನ್ನೂ ಹಿಡಿಯುತ್ತದೆ. ಆ ಐದು ಜನ ತಪ್ಪು ಮಾಡದವರೇ. ಅವರಿಗೆ ಅಂಜಿಕೆ ಬೇಡವೇ?

ಪಾಲಿಗ್ರಾಫ್‌ನ ಕಥೆ ಇನ್ನೂ ಹಳೆಯದು. ನಮ್ಮ ಹಳ್ಳಿಗಳಲ್ಲಿ ಕಳವಾದರೆ ಶಂಕೆ ಇದ್ದವರಿಗೆಲ್ಲ ಮಂತ್ರಿಸಿದ ಒಣ ಅಕ್ಕಿ ಅಗಿಯಲು ಕೊಡುತ್ತಿದ್ದರು. ಯಾರ ಬಾಯಿ ಒಣಗಿ ಅಕ್ಕಿ ಹಾಗೇ ಉದುರುತ್ತದೋ ಅವನೇ ಕಳ್ಳ. ಭಯವಾದರೆ ಎಂಜಲು ಒಣಗುತ್ತದೆ ಎಂಬ ಅದೇ ಲೆಕ್ಕದ ಮೇಲೆ ಪಾಲಿಗ್ರಾಫ್ ಕೂಡ ನಿಂತಿರುವುದು. ಭಯ ಕಳ್ಳನಿಗೆ ಮಾತ್ರ ಆಗುತ್ತದೆ ಎಂದು ಯಾರು ಹೇಳಿದರು?

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾವು ಪಾಠ ಮಾಡುತ್ತಿದ್ದ ಒಂದು ಮದ್ರಸದಲ್ಲಿ ಮಕ್ಕಳ ಫೀಸಿನ ದುಡ್ಡು ಕಾಣೆಯಾಯಿತು. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖ ನೋಡುತ್ತಾ ಬಂದೆವು. ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗನ ತುಟಿ ನಡುಗುತ್ತಿತ್ತು, ಹಣೆಯಲ್ಲಿ ಬೆವರು. ಇವನೇ ಅಂತ ನಮ್ಮ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಎಲ್ಲರ ಮುಂದೆ ಕೇಳಿದೆವು, ಬೆತ್ತ ಮೇಜಿನ ಮೇಲಿತ್ತು. ಕೊನೆಗೆ ಅವನು ಹೌದು ಅಂದ. ದುಡ್ಡು ಎಲ್ಲಿ ಅಂದರೆ ಹೇಳಲಿಕ್ಕೆ ಅವನಿಗೆ ಗೊತ್ತಿರಲಿಲ್ಲ! ನಾಲ್ಕು ದಿನದ ಮೇಲೆ ಹಾಜರಿ ಪುಸ್ತಕದ ರಟ್ಟಿನ ಸಂದಿಯಲ್ಲಿ ಆ ದುಡ್ಡು ಸಿಕ್ಕಿತು. ನಾವೇ ಇಟ್ಟು ಮರೆತಿದ್ದೆವು. ಅವರ ಮನೆಗೆ ಹೋಗಿ ಅವನ ಉಮ್ಮನ ಎದುರು ಕ್ಷಮೆ ಕೇಳಿದೆವು. ಅವರು ಚಹಾ ಕೊಟ್ಟರು, ‘ಇರಲಿ ಉಸ್ತಾದ್’ ಅಂದರು. ಹುಡುಗ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ, ಮತ್ತೆ ಮದ್ರಸಕ್ಕೂ ಬರಲಿಲ್ಲ. ಅವನು ಯಾಕೆ ನಡುಗಿದ ಅಂತ ಆಮೇಲೆ ತಿಳಿಯಿತು. ಅವನಿಗೆ ಹಿಂದಿನ ದಿನದ ಪಾಠ ಬಾಯಿಪಾಠ ಬಂದಿರಲಿಲ್ಲ, ಅಷ್ಟೇ.

ಈಗ ಪೊಲೀಸ್ ಠಾಣೆಯಲ್ಲಿ ಕೂತ ಇಪ್ಪತ್ತರ ಹುಡುಗನನ್ನು ಯೋಚಿಸಿ.

2000ದ ದಶಕದಲ್ಲಿ ಇಡೀ ದೇಶದ ನಾರ್ಕೋ, ಬ್ರೈನ್ ಮ್ಯಾಪಿಂಗ್‌ಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಹೆಸರುವಾಸಿಯಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಗೆ ಅಲ್ಲಿ ನಾರ್ಕೋ ಆಯಿತು, ಅದರ ವಿಡಿಯೋ ಟಿವಿಗಳಲ್ಲಿ ಬಂತು. ಮಂಪರಿನಲ್ಲಿ ಆಡಿದ ಮಾತು ಕೋರ್ಟಿಗಿಂತ ಮೊದಲು ಮನೆಮನೆಯ ಹಾಲ್‌ಗೆ ಬಂದಿತ್ತು. 2006ರ ಮುಂಬೈ ರೈಲು ಸ್ಫೋಟದ ಆರೋಪಿಗಳನ್ನೂ ಬೆಂಗಳೂರಿಗೆ ತಂದು ಈ ಪರೀಕ್ಷೆ ಮಾಡಿದರು. ಅವರಲ್ಲೊಬ್ಬರು ಅಬ್ದುಲ್ ವಾಹಿದ್ ಶೇಖ್, ಶಾಲಾ ಮೇಷ್ಟ್ರು. ಒಂಬತ್ತು ವರ್ಷ ಜೈಲಿನಲ್ಲಿದ್ದ ಅವರನ್ನು 2015ರ ಸೆಪ್ಟೆಂಬರಿನಲ್ಲಿ ಕೋರ್ಟು ನಿರ್ದೋಷಿ ಅಂತ ಬಿಟ್ಟಿತು. ಅವರು ಆ ಅನುಭವವನ್ನೇ ಪುಸ್ತಕ ಮಾಡಿದ್ದಾರೆ. ಶಿಕ್ಷೆಯಾಗಿದ್ದ ಉಳಿದ 12 ಜನರನ್ನು ಬಾಂಬೆ ಹೈಕೋರ್ಟು 2025ರ ಜುಲೈ 21ರಂದು ದೋಷಮುಕ್ತ ಮಾಡಿತು. ಅವರಲ್ಲಿ ಐವರಿಗೆ ಕೆಳಕೋರ್ಟಿನಲ್ಲಿ ಗಲ್ಲು ವಿಧಿಸಲಾಗಿತ್ತು. ಆ ತೀರ್ಪನ್ನು ಬೇರೆ ಕೇಸುಗಳಿಗೆ ಆಧಾರ ಮಾಡಬಾರದು ಅಂತ ಮೂರೇ ದಿನದಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಅದನ್ನೂ ಹೇಳಬೇಕು.

ಇನ್ನೂ ಹತ್ತಿರದ್ದು ಹುಬ್ಬಳ್ಳಿ. 2008ರ ಆರಂಭದಲ್ಲಿ ಅಲ್ಲಿಂದ ಶುರುವಾದ ಬಂಧನಗಳಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗರೂ ಇದ್ದರು. ಬಂಧಿತರಲ್ಲಿ ಕೆಲವರಿಗೆ ಬೆಂಗಳೂರಿನಲ್ಲಿ ನಾರ್ಕೋ ನಡೆಯಿತು. ಆಗಿನ ಪತ್ರಿಕೆಗಳ ತಲೆಬರಹ ನೆನಪಿರುವವರಿಗೆ ಇದೆ. ಏಳು ವರ್ಷ ಕಳೆದು 2015ರ ಏಪ್ರಿಲ್ 30ರಂದು ಹುಬ್ಬಳ್ಳಿಯ ಕೋರ್ಟು ಆ ಪ್ರಕರಣದ 17 ಜನರನ್ನೂ ಬಿಡುಗಡೆ ಮಾಡಿತು. ಬಂಧನದ ಸುದ್ದಿ ವಾರಗಟ್ಟಲೆ ಮುಖಪುಟದಲ್ಲಿತ್ತು, ಬಿಡುಗಡೆಯ ಸುದ್ದಿ ಒಂದೇ ದಿನಕ್ಕೆ ಮುಗಿಯಿತು. ಇದು ನಮ್ಮ ಸಮುದಾಯದವರಿಗೆ ಮಾತ್ರ ಆಗುವ ಅನ್ಯಾಯ ಅಂತ ನಾವು ಹೇಳುವುದಿಲ್ಲ. ಪುಣೆಯ ಆ ವಿದ್ಯಾರ್ಥಿನಿ ನಮ್ಮವಳಲ್ಲ. ಮುಂದೆ ಹೇಳಲಿರುವ ದೊಡ್ಡ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರರೂ ನಮ್ಮವರಲ್ಲ. ನಮಗೆ ಕಾವಲು ಕೊಟ್ಟಿರುವ ಕಾನೂನನ್ನು ಬೇರೆಯವರು ಹೋರಾಡಿ ತಂದುಕೊಟ್ಟಿದ್ದಾರೆ ಎಂಬುದೂ ನೆನಪಿರಲಿ.

ಆ ತೀರ್ಪೇ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಪ್ರಕರಣ. ಬೆಂಗಳೂರಿನ ಕೋರಮಂಗಲ ಠಾಣೆಯ ಒಂದು ಕೊಲೆ ಕೇಸು ಅದು. 2004ರಲ್ಲಿ ನಮ್ಮ ಹೈಕೋರ್ಟು ಆರೋಪಿಗಳ ಒಪ್ಪಿಗೆ ಇಲ್ಲದೆಯೂ ಈ ಪರೀಕ್ಷೆ ಮಾಡಬಹುದು ಅಂತ ಹೇಳಿತ್ತು. ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠ 2010ರ ಮೇ 5ರಂದು ಅದನ್ನು ತಿರುವಿಹಾಕಿತು. ಪಾಲಿಗ್ರಾಫ್, ನಾರ್ಕೋ, ಮೆದುಳಿನ ಪರೀಕ್ಷೆ ಮೂರನ್ನೂ ಯಾರ ಮೇಲೂ ಬಲವಂತವಾಗಿ ಮಾಡುವ ಹಾಗಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು ಎಂಬ ಸಂವಿಧಾನದ 20(3)ನೇ ವಿಧಿಗೆ ಅದು ವಿರುದ್ಧ, 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೂ ವಿರುದ್ಧ. ಬಾಯಿಂದ ಆಡಿದ್ದು ಮಾತ್ರ ಹೇಳಿಕೆ ಅಲ್ಲ, ಮನಸ್ಸಿನಲ್ಲಿ ಇರುವುದನ್ನು ಯಂತ್ರದಿಂದ ಹೊರಗೆಳೆದರೂ ಅದು ಹೇಳಿಕೆಯೇ ಎಂದು ಕೋರ್ಟು ನೋಡಿದ್ದು ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಯಾಕೆಂದರೆ ನಮ್ಮ ದೀನ್ ಕೂಡ ಇಲ್ಲೇ ಗೆರೆ ಎಳೆದಿದೆ. ಯುದ್ಧದ ನಡುವೆ ಕಲಿಮಾ ಹೇಳಿದವನನ್ನು, ಇವನು ಜೀವಭಯಕ್ಕೆ ಹೇಳಿದ್ದು ಅಂತ ಉಸಾಮಾ (ರ) ಕೊಂದಾಗ, ಅವನ ಎದೆ ಸೀಳಿ ನೋಡಿದ್ದೆಯಾ ಎಂಬ ಅರ್ಥದಲ್ಲಿ ರಸೂಲರು (ಸ) ಕೇಳಿದ ಪ್ರಸಂಗ ಮದ್ರಸದ ಮಕ್ಕಳಿಗೂ ಗೊತ್ತು. ಮನಸ್ಸಿನಲ್ಲಿ ಬಂದು ಹೋಗುವ ಯೋಚನೆಯನ್ನು, ಮಾತಾಗಿ ಅಥವಾ ಕೃತ್ಯವಾಗಿ ಹೊರಬರುವ ತನಕ, ಅಲ್ಲಾಹನೇ ನಮ್ಮ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಹದೀಸ್ ಇದೆ. ಸೂರಾ ಹುಜುರಾತ್‌ನಲ್ಲಿ ಗೂಢವಾಗಿ ಇಣುಕುವುದಕ್ಕೆ ತಡೆ ಇದೆ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಬಲವಂತದಿಂದ ಹೇಳಿಸಿದ ತಪ್ಪೊಪ್ಪಿಗೆಗೆ ಬೆಲೆ ಇಲ್ಲ, ಆರೋಪ ಮಾಡಿದವನೇ ಸಾಕ್ಷಿ ತರಬೇಕು. ಎದೆಯೊಳಗಿನದನ್ನು ಬಲ್ಲವನು ಒಬ್ಬನೇ ಎಂದು ದಿನಕ್ಕೆ ಐದು ಸಲ ಅವನ ಮುಂದೆ ನಿಲ್ಲುವ ನಾವು, ಆ ಕೆಲಸವನ್ನು ತಂತಿ ಜೋಡಿಸಿದ ಟೋಪಿಗೆ ಬಿಟ್ಟುಕೊಡಲು ಇಷ್ಟು ಬೇಗ ಯಾಕೆ ತಲೆಯಾಡಿಸುತ್ತೇವೆ?

ಎದುರು ಮಾತು ಇಲ್ಲ ಅಂತಲ್ಲ. ಬಬಲೇಶ್ವರದ ಕಡೆಯ ಒಬ್ಬ ವಕೀಲ ಮಿತ್ರರು ನಮ್ಮೊಡನೆ ವಾದ ಮಾಡಿದರು: “ಲಾಠಿಗಿಂತ ಮಷೀನ್ ಚಲೋ ಅಲ್ಲೇನ್ರಿ? ಏರೋಪ್ಲೇನ್ ಹತ್ತಿಸೂದಕ್ಕಿಂತ ಟೋಪಿ ಹಾಕಿ ಕುಂಡ್ರಿಸಿದ್ರ ಏನ್ ಹೋಗ್ತದ?” ಈ ಮಾತಿನಲ್ಲಿ ತೂಕ ಇದೆ. ಕೊಲೆಯಾದವರ ಮನೆಯವರಿಗೂ ಸತ್ಯ ಬೇಕು, ಅವರ ಕಣ್ಣೀರೂ ಕಣ್ಣೀರೇ. ಆದರೆ ಲಾಠಿಯ ಜಾಗಕ್ಕೆ ಯಂತ್ರ ಬರುತ್ತದೆ ಎಂಬ ಭರವಸೆ ನಮಗಿಲ್ಲ. ಲಾಠಿಯ ಪಕ್ಕದಲ್ಲಿ ಯಂತ್ರ ಬರುತ್ತದೆ. ‘ಒಪ್ಪಿಕೊ, ಇಲ್ಲದಿದ್ದರೆ ಬ್ರೈನ್ ಮ್ಯಾಪಿಂಗ್‌ಗೆ ಕಳಿಸುತ್ತೇವೆ’ ಅಂತ ಹೆದರಿಸಲಿಕ್ಕೂ ಅದೇ ಉಪಯೋಗಕ್ಕೆ ಬರುತ್ತದೆ. ಬೆರಳಚ್ಚು, ಡಿಎನ್‌ಎ, ಫೋನಿನ ದಾಖಲೆ, ಸಿಸಿಟಿವಿ, ಸಾಕ್ಷಿಗಳ ಹೇಳಿಕೆ ಅಂತ ತನಿಖೆಗೆ ದಾರಿ ಬೇಕಾದಷ್ಟಿವೆ. ಅವಕ್ಕೆ ಕಾಲು ಸವೆಸಬೇಕು. ಯಂತ್ರದ ಮುಂದೆ ಕೂರಿಸುವುದು ಸುಲಭ.

ನಮ್ಮವರದ್ದೂ ಒಂದು ಇಬ್ಬಗೆ ಇದೆ. ನಮ್ಮ ಹುಡುಗ ಸಿಕ್ಕಿಬಿದ್ದರೆ ಹಕ್ಕು, ಸಂವಿಧಾನ ಅಂತೇವೆ. ಬೇರೆಯವನು ಸಿಕ್ಕಿಬಿದ್ದ ದಿನ ‘ಇವನಿಗೆ ನಾರ್ಕೋ ಮಾಡಿಸಿ’ ಅಂತ ವಾಟ್ಸ್ಆ್ಯಪ್ ಸ್ಟೇಟಸ್ ಹಾಕುವವರಲ್ಲಿ ನಮ್ಮವರೂ ಕಡಿಮೆ ಇಲ್ಲ.

ತೀರ್ಪು ಬಂದು ಎಷ್ಟೋ ವರ್ಷವಾಯಿತು, ಈಗ ಯಾಕೆ ಈ ಮಾತು ಅಂತ ಕೇಳಬಹುದು. ಎರಡು ಕಾರಣ. ತೀರ್ಪು ಇದ್ದರೂ ಒತ್ತಡ ನಿಂತಿಲ್ಲ. ಬಿಹಾರದ ಒಂದು ಕೇಸಿನಲ್ಲಿ ಎಲ್ಲ ಆರೋಪಿಗಳಿಗೂ ನಾರ್ಕೋ ಮಾಡಿಸುತ್ತೇವೆ ಅಂತ ಪೊಲೀಸರು ಹೇಳಿದ್ದನ್ನು ಪಟ್ನಾ ಹೈಕೋರ್ಟು ಜಾಮೀನು ವಿಚಾರಣೆಯಲ್ಲೇ ಒಪ್ಪಿಬಿಟ್ಟಿತ್ತು. 2025ರ ಜೂನ್ 9ರಂದು ಸುಪ್ರೀಂ ಕೋರ್ಟು, ನ್ಯಾಯಮೂರ್ತಿಗಳಾದ ಸಂಜಯ್ ಕರೋಲ್ ಮತ್ತು ಪಿ.ಬಿ. ವರಾಳೆ ಅವರ ಪೀಠ, ಅದನ್ನು ರದ್ದು ಮಾಡಿ ಸೆಲ್ವಿ ತೀರ್ಪನ್ನೇ ಮತ್ತೆ ಓದಿ ಹೇಳಬೇಕಾಯಿತು. ಹೈಕೋರ್ಟೇ ಮರೆತರೆ ಠಾಣೆಯಲ್ಲಿ ಎಷ್ಟು ನೆನಪಿರುತ್ತದೆ? ಎರಡನೆಯದು, ಯಂತ್ರಗಳು ಸಣ್ಣದಾಗುತ್ತಿವೆ, ಅಗ್ಗವಾಗುತ್ತಿವೆ. ಗೋದಾಮಿನಲ್ಲಿ ನಡೆದ ಕೊಲೆಯೊಂದರ ತನಿಖೆಯಲ್ಲಿ ಮೆದುಳಿನ ಅಲೆಯ ಪರೀಕ್ಷೆ ಬಳಸಿದ್ದಾಗಿ ದುಬೈ ಪೊಲೀಸರು 2021ರ ಜನವರಿಯಲ್ಲಿ ಪ್ರಕಟಿಸಿದರು. ಗಲ್ಫ್‌ನ ಗೋದಾಮುಗಳಲ್ಲಿ ನಮ್ಮ ಮನೆಯ ಹುಡುಗರು ಎಷ್ಟು ಜನ ಇದ್ದಾರೆ ಅಂತ ನಾವು ಹೇಳಬೇಕಾಗಿಲ್ಲ. ಅಲ್ಲಿ ಸೆಲ್ವಿ ತೀರ್ಪು ಇಲ್ಲ. ಇತ್ತ ಚಿಲಿ ಎಂಬ ದೇಶ ಅದೇ 2021ರಲ್ಲಿ ಮೆದುಳಿನ ಚಟುವಟಿಕೆ ಮತ್ತು ಅದರ ಮಾಹಿತಿಯ ರಕ್ಷಣೆಯನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ನಮ್ಮಲ್ಲಿ 2022ರ ಅಪರಾಧ ಪ್ರಕ್ರಿಯಾ ಗುರುತಿಸುವಿಕೆ ಕಾಯ್ದೆ ಬಂಧಿತರ ಬೆರಳಚ್ಚು, ಕಣ್ಣಿನ ಪಾಪೆ, ‘ವರ್ತನೆಯ ಲಕ್ಷಣ’ ತನಕ ಸಂಗ್ರಹಿಸಿ 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ವರ್ತನೆಯ ಲಕ್ಷಣ ಅಂದರೆ ಸಹಿ, ಕೈಬರಹ ಅಂತ ಉದಾಹರಣೆ ಇದೆ, ನಿಜ. ಆದರೆ ಆ ಪದದ ಬಾಗಿಲು ನಾಳೆ ಎಷ್ಟು ಅಗಲ ತೆರೆಯಬಹುದು ಎಂಬುದನ್ನು ನೋಡುತ್ತಿರಬೇಕಾಗುತ್ತದೆ.

ಈಗ ಇಡೀ ವಿಷಯ ನಿಂತಿರುವುದು ‘ಒಪ್ಪಿಗೆ’ ಎಂಬ ಒಂದು ಸಹಿಯ ಮೇಲೆ. ಬಲವಂತ ಮಾಡುವ ಹಾಗಿಲ್ಲ, ಆದರೆ ಆರೋಪಿ ತಾನಾಗಿ ಒಪ್ಪಿದರೆ ಮಾಡಬಹುದು. ಆಗಲೂ ವರದಿಯೇ ಸಾಕ್ಷಿ ಆಗುವುದಿಲ್ಲ, ಅದರಿಂದ ಹೊಸದಾಗಿ ಏನಾದರೂ ವಸ್ತು ಪತ್ತೆಯಾದರೆ ಅದನ್ನು ಕೋರ್ಟು ಪರಿಗಣಿಸಬಹುದು. ಕಸ್ಟಡಿಯಲ್ಲಿ ನಾಲ್ಕು ರಾತ್ರಿ ನಿದ್ದೆ ಇಲ್ಲದ ಹುಡುಗ ‘ತಾನಾಗಿ’ ಒಪ್ಪುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕೇ? ಆ ಬೆತ್ತದ ಎದುರು ನಮ್ಮ ಮದ್ರಸದ ಹುಡುಗನೂ ತಾನಾಗಿಯೇ ಹೌದು ಅಂದಿದ್ದ.

ಇದು ಸುಪ್ರೀಂ ಕೋರ್ಟಿಗೂ ಗೊತ್ತಿತ್ತು. ಅದಕ್ಕೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ನೇ ಇಸವಿಯ ಮಾರ್ಗಸೂಚಿಯನ್ನು ಮೂರೂ ಪರೀಕ್ಷೆಗೆ ಅನ್ವಯಿಸಲು ಹೇಳಿತು. ಮನೆಯವರು ತಿಳಿದಿರಬೇಕಾದದ್ದು ಇದು. ಪರೀಕ್ಷೆ ಬೇಕೋ ಬೇಡವೋ ಎಂಬ ಆಯ್ಕೆ ಆರೋಪಿಯದ್ದು, ಬೇಡ ಅನ್ನುವುದು ಅಪರಾಧವಲ್ಲ. ಒಪ್ಪುವುದಾದರೆ ಮೊದಲು ವಕೀಲರ ಭೇಟಿ ಆಗಬೇಕು, ದೇಹ, ಮನಸ್ಸು, ಕೇಸು ಇವುಗಳ ಮೇಲೆ ಏನು ಪರಿಣಾಮ ಅಂತ ಪೊಲೀಸರೂ ವಕೀಲರೂ ವಿವರಿಸಬೇಕು. ಒಪ್ಪಿಗೆ ದಾಖಲಾಗಬೇಕಾದ್ದು ಠಾಣೆಯಲ್ಲಲ್ಲ, ಮ್ಯಾಜಿಸ್ಟ್ರೇಟರ ಮುಂದೆ, ಅಲ್ಲಿ ಆರೋಪಿಯ ಪರ ವಕೀಲರು ಇರಬೇಕು. ಎಷ್ಟು ದಿನದಿಂದ ಕಸ್ಟಡಿಯಲ್ಲಿದ್ದಾನೆ, ಹೇಗೆ ವಿಚಾರಣೆ ಮಾಡಿದ್ದಾರೆ ಎಂಬುದನ್ನೂ ಮ್ಯಾಜಿಸ್ಟ್ರೇಟರು ನೋಡಬೇಕು. ಪರೀಕ್ಷೆ ನಡೆಸುವುದು ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆ, ಅದೂ ವಕೀಲರ ಎದುರು. ನಡೆದದ್ದೆಲ್ಲ ದಾಖಲಾಗಬೇಕು.

ಇಷ್ಟನ್ನು ನೆನಪಿಡಲಾಗದವರು ಒಂದನ್ನು ನೆನಪಿಡಿ: ಠಾಣೆಯಲ್ಲಿ ಖಾಲಿ ಹಾಳೆಗಾಗಲಿ, ಓದದ ಹಾಳೆಗಾಗಲಿ ಸಹಿ ಬೇಡ. ‘ವಕೀಲರು ಬರಲಿ, ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತೇನೆ’ ಅಂದರೆ ಸಾಕು. ಅದನ್ನು ಸಾವಕಾಶವಾಗಿ, ಮರ್ಯಾದೆಯಿಂದ ಹೇಳಿ. ಪೊಲೀಸರೂ ನಮ್ಮ ಊರಿನವರೇ, ಜಗಳಕ್ಕೆ ಇಳಿಯುವ ಅಗತ್ಯ ಇಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಕೂರಬೇಡಿ. ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಕೇಳಬಹುದು, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕಸ್ಟಡಿಯಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಈ ನೆರವಿಗೆ ಹಕ್ಕಿದೆ.

ಮಾರ್ಗಸೂಚಿಯನ್ನು ಸರಳ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಕೊಡಲು ಬಬಲೇಶ್ವರದ ಆ ವಕೀಲ ಮಿತ್ರರೇ ಒಪ್ಪಿದ್ದಾರೆ. ವಾದ ಮಾಡಿದವರೇ ಬರೆದರೆ ನಮಗೆ ಹೆಚ್ಚು ಸಂತೋಷ. ಹಾಳೆ ಸಿದ್ಧವಾದ ಮೇಲೆ ಮಸೀದಿಯ ನೋಟಿಸ್ ಬೋರ್ಡಿನಲ್ಲಿ ನಮಾಝಿನ ಸಮಯಪಟ್ಟಿಯ ಪಕ್ಕ ಅಂಟಿಸಲು ಜಮಾಅತ್ ಕಮಿಟಿಗಳನ್ನು ಕೇಳಿಕೊಳ್ಳುತ್ತೇವೆ. ತಿಕೋಟಾದ ಆ ಒಣದ್ರಾಕ್ಷಿ ವ್ಯಾಪಾರಿಗಳಿಗೆ ಒಂದು ಪ್ರತಿಯನ್ನು ನಾವೇ ಕೊಂಡುಹೋಗಿ ಕೊಡುತ್ತೇವೆ.